ಸೇತುವೆ ಎತ್ತುವ ದಿನ ಯಾರ ಮಾತು ಕೇಳಬೇಕು?

ನಮ್ಮ ಮನೆ ಹೊಳೆಯ ಈ ದಡದಲ್ಲಿ, ಮಗಳ ಮನೆ ಆ ದಡದಲ್ಲಿ. ಹಿತ್ತಿಲ ಬಾಗಿಲು ತೆಗೆದು ನಿಂತರೆ ಅವಳ ಮನೆಯ ಹಸಿರು ಕಿಟಕಿ ಕಾಣುತ್ತದೆ. ಅವಳು ಅಂಗಳಕ್ಕೆ ಇಳಿದರೆ ನಡಿಗೆಯಲ್ಲೇ ಗೊತ್ತಾಗುತ್ತದೆ, ಇವತ್ತು ಸೊಂಟ ನೋವಿದೆಯೋ ಇಲ್ಲವೋ ಎಂದು. ಆದರೆ ಹೋಗಿ ಬರೋಣವೆಂದರೆ ಬೆಟ್ಟ ಸುತ್ತಬೇಕು, ಎರಡು ಬಸ್ಸು ಬದಲಿಸಬೇಕು, ಬೆಳಿಗ್ಗೆ ಹೊರಟರೆ ಸಂಜೆ ಮುಟ್ಟುವುದು. ಒಂದು ಸಲ ದೋಣಿ ಮಗುಚಿದ ಮೇಲೆ ದೋಣಿಯನ್ನೂ ನಿಲ್ಲಿಸಿಬಿಟ್ಟರು. ನನ್ನ ಯಜಮಾನರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದು ನಾಲ್ಕು ವರ್ಷವಾಯಿತು. ಅವರನ್ನು ಒಂಟಿಯಾಗಿ ಒಂದು ದಿನ ಬಿಟ್ಟು ಹೋಗುವಂತಿಲ್ಲ. ಹೀಗಾಗಿ ಹೆತ್ತ ಮಗಳು ಕಣ್ಣೆದುರಿಗೇ ಇದ್ದರೂ ಕೈಗೆ ಸಿಗುತ್ತಿರಲಿಲ್ಲ.

ನಾನು ಯಾರೆಂದು ಹೇಳಲೇ ಇಲ್ಲ. ಆಸ್ಪತ್ರೆಯ ಹಾಸಿಗೆ ಬಟ್ಟೆಯನ್ನು ಮನೆಯ ಹಿತ್ತಿಲಲ್ಲೇ ಒಗೆಯುವವಳು. ಎಲ್ಲರೂ ಬಟ್ಟೆಯಕ್ಕ ಎನ್ನುತ್ತಾರೆ. ದಿನಕ್ಕೆ ನೂರಿಪ್ಪತ್ತು ಚಾದರ, ಮೇಲೆ ದಿಂಬಿನ ಚೀಲ, ಡಾಕ್ಟರುಗಳ ಕೋಟು. ನನ್ನ ಬಾಯಿ ಸ್ವಲ್ಪ ಜೋರು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಆ ಬಾಯಿಂದಲೇ ಈ ಕಥೆ ಆಗಿದ್ದು.

ಹೊಳೆಗೆ ಕಾಲುಸೇತುವೆ ಕಟ್ಟುತ್ತಾರೆ ಎಂದಾಗ ಎರಡೂ ದಡದವರು ಸೇರಿ ಒಂದು ಸಮಿತಿ ಮಾಡಿಕೊಂಡೆವು. ಹೆಂಗಸರ ಪರವಾಗಿ ನನ್ನನ್ನು ಸೇರಿಸಿದರು. ಎರಡು ಕಡೆಯ ಕಂಬ ಎದ್ದವು. ಇನ್ನು ಉಳಿದಿದ್ದು ನಡುವಿನ ಕಬ್ಬಿಣದ ತುಂಡು. ಅದನ್ನು ಕಾರ್ಖಾನೆಯಲ್ಲಿ ಮಾಡಿ ತಂದು, ದೊಡ್ಡ ಕ್ರೇನಿನಲ್ಲಿ ಎತ್ತಿ, ಕಂಬಗಳ ಮೇಲೆ ಕೂರಿಸಬೇಕು. ಎತ್ತಿ ಕೂರಿಸಿ ಬೋಲ್ಟು ಬಿಗಿಯುವ ಹೊತ್ತಿನಲ್ಲಿ ಜೋರು ಗಾಳಿ ಬೀಸಬಾರದು. ಅದೊಂದೇ ಷರತ್ತು.

ಮಗಳು ಆಗ ಆರು ತಿಂಗಳ ಬಸುರಿ. ಫೋನಿನಲ್ಲಿ ಹೇಳಿದ್ದೆ, "ನೋಡ್ತಿರು, ನಡುವಿನ ತುಂಡು ಕೂತು ತಿಂಗಳೊಳಗೆ ಸೇತುವೆ ಶುರು. ನಿನ್ನ ಹೆರಿಗೆ ಹೊತ್ತಿಗೆ ನಿನ್ನ ತಲೆ ಹತ್ರ ನಾನೇ ಕೂತಿರ್ತೀನಿ."

"ನಿಜವಾಗ್ಲೂನಾ ಅಮ್ಮಾ? ಭಯ ಆಗುತ್ತೆ ನಂಗೆ," ಅಂದಳು.

"ನಾನು ಬರ್ತೀನಿ ಅಂದ್ಮೇಲೆ ಬರ್ತೀನಿ. ಸುಮ್ನಿರು."

ಸಮಿತಿಯಲ್ಲಿ ಸೇತುವೆಯ ಎಂಜಿನಿಯರು ಕೇಳಿದರು, "ಇಲ್ಲಿ ಗಾಳಿ, ಮಳೆ ಬಗ್ಗೆ ಸರಿಯಾಗಿ ಹೇಳೋರು ಯಾರಾದ್ರೂ ಇದ್ದಾರಾ?"

ನಾನು ಯೋಚನೆಯನ್ನೂ ಮಾಡಲಿಲ್ಲ. "ಮೋಡಣ್ಣ ಇದಾನಲ್ಲ!" ಅಂದೆ.

ಮೋಡಣ್ಣನಿಗೆ ಫೋಟೋ ಅಂಗಡಿ. ವ್ಯಾಪಾರ ಬಿದ್ದ ಮೇಲೆ ಫೋನಿನಲ್ಲಿ ಹವಾಮಾನ ಹೇಳಲು ಶುರು ಮಾಡಿದ್ದ. ದಿನಾ ಬೆಳಿಗ್ಗೆ ಐದೂವರೆಗೆ ಅವನ ಸಂದೇಶ ಬರುತ್ತಿತ್ತು. ಸಾವಿರಾರು ಜನ ನೋಡುತ್ತಿದ್ದರು. ನಾನಂತೂ ಅದನ್ನು ನೋಡದೆ ಚಾದರ ಹಾಕುತ್ತಿರಲಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ನನ್ನ ಬಟ್ಟೆ ಅವನ ಮಾತು ನಂಬಿ ಒದ್ದೆಯಾಗಿರಲಿಲ್ಲ, ಹಾರಿಹೋಗಿರಲಿಲ್ಲ. "ಎರಡು ವರ್ಷ ಒಂದೂ ತಪ್ಪು ಹೇಳಿಲ್ಲ. ಬೇಕಿದ್ರೆ ನನ್ನ ಚಾದರಗಳನ್ನ ಕೇಳಿ!" ಎಂದು ಸಮಿತಿಯಲ್ಲಿ ಗಟ್ಟಿಯಾಗಿ ಹೇಳಿದೆ. ಎಲ್ಲರೂ ನಕ್ಕರು. ಎಂಜಿನಿಯರೂ ಹೆಚ್ಚು ವಿಚಾರಿಸಲಿಲ್ಲ, ಆಗಲಿ ಎಂದು ತಲೆಯಾಡಿಸಿದರು.

ಆಸ್ಪತ್ರೆಯ ವಾರ್ಡಿನ ಹಿರಿಯ ಸಿಸ್ಟರು ಒಬ್ಬರೇ ಮುಖ ಸಿಂಡರಿಸಿದರು. ಅವರೂ ಸಮಿತಿಯಲ್ಲಿದ್ದರು. "ಅಕ್ಕಾ, ಅವನು ಎಲ್ಲಿ ಕಲ್ತಿದ್ದು? ಏನಾದ್ರೂ ಪರೀಕ್ಷೆ, ನೋಂದಣಿ ಇದೆಯಾ?"

"ಅಯ್ಯೋ ಸಿಸ್ಟರ್, ಸರ್ಟಿಫಿಕೇಟ್ ನೋಡಿ ಗಾಳಿ ಹೆದರ್ಕೊಂಡು ನಿಂತ್ಬಿಡುತ್ತಾ?" ಅಂದೆ. ಮತ್ತೆ ಎಲ್ಲರೂ ನಕ್ಕರು. ಆ ನಗು ನನಗೆ ಬಹಳ ಹಿತವಾಗಿತ್ತು.

ಎತ್ತುವ ದಿನ ಬೆಳಿಗ್ಗೆ ಮೋಡಣ್ಣನ ಸಂದೇಶ: "ದಿನವಿಡೀ ಶಾಂತ ಗಾಳಿ. ಧೈರ್ಯವಾಗಿ ಎತ್ತಿ." ಸರಪಳಿ ಕಟ್ಟುವುದರಲ್ಲೇ ತಡವಾಗಿ, ತುಂಡು ನೆಲ ಬಿಟ್ಟಾಗ ಮಧ್ಯಾಹ್ನ ಹನ್ನೆರಡು. ಎರಡೂ ದಡದಲ್ಲಿ ಜನ. ಆ ದಡದಲ್ಲಿ ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಒಂದು ಗಂಟೆಯ ಸುಮಾರಿಗೆ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಮೊದಲು ನನ್ನ ಸೆರಗು ಹಾರಿತು, ಆಮೇಲೆ ತುಂಡು ತಿರುಗದಂತೆ ಕೆಳಗಿನಿಂದ ಹಗ್ಗ ಹಿಡಿದಿದ್ದವರು ಜಾರತೊಡಗಿದರು. ಅಷ್ಟು ದೊಡ್ಡ ಕಬ್ಬಿಣ ಗಾಳಿಯಲ್ಲಿ ತಿರುಗಿ ಕಂಬಕ್ಕೆ ಬಡಿಯಿತು. ಆ ಸದ್ದು ನನಗೆ ಈಗಲೂ ಬೇಡ. ಹಗ್ಗ ಹಿಡಿದಿದ್ದ ಒಬ್ಬನ ಭುಜ ಕಳಚಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ತುಂಡು ಮಾತ್ರ ನಡುವಿನಲ್ಲಿ ಬಾಗಿಹೋಯಿತು, ಹೊಸದು ಮಾಡಿಸಲು ಒಂಬತ್ತು ತಿಂಗಳು ಬೇಕೆಂದರು.

ನಾನು ನೇರ ಫೋಟೋ ಅಂಗಡಿಗೆ ಹೋದೆ. "ಏನೋ ಮೋಡಣ್ಣ, ದಿನವಿಡೀ ಶಾಂತ ಅಂದ್ಯಲ್ಲೋ!"

"ನಾನು ಹಾಗೆ ಎಲ್ಲಿ ಹೇಳಿದೀನಿ ಅಕ್ಕಾ? ತೋರಿಸಿ," ಅಂದ. ಫೋನು ತೆಗೆದು ನೋಡಿದೆ. ಬೆಳಗಿನ ಸಂದೇಶವನ್ನು ಅಳಿಸಿಬಿಟ್ಟಿದ್ದ.

"ಅಳಿಸಿದ್ಯೇನೋ!"

ಅವನ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳಬಾರದು. "ಅಕ್ಕಾ, ನಂಗೂ ಹೆದರಿಕೆ ಆಯ್ತು. ನಾನು ಯಾವ ಕಾಗದಕ್ಕೆ ಸಹಿ ಹಾಕಿದ್ದೆ ಹೇಳಿ? ಬಟ್ಟೆ ಒಣಗಿಸೋಕೆ, ಆಟ ಆಡೋಕೆ ಹೇಳ್ತಿದ್ದೆ. ನೀವೇ ನನ್ನ ಇಲ್ಲಿಗೆ ತಂದು ನಿಲ್ಲಿಸಿದ್ದು." 

ಮನೆಯಲ್ಲಿ ಯಜಮಾನರು ಒಂದೇ ಮಾತು ಹೇಳಿದರು. ಲಕ್ವ ಹೊಡೆದ ಮೇಲೆ ಅವರ ಮಾತು ನಿಧಾನ, ಆದರೆ ಮೊನೆ ಹಾಗೇ ಇದೆ. "ಮೋಡಣ್ಣನಿಗೆ... ಸರ್ಟಿಫಿಕೇಟು... ನೀನೇ ಕೊಟ್ಟೆಯಲ್ಲೇ."

ಏಳು ವಾರ ಕಳೆದು, ದಿನ ತುಂಬುವ ಮೊದಲೇ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ಅಂಗೈಯಗಲ. ನಾನು ತಲೆಯ ಹತ್ತಿರ ಕೂತಿರಲಿಲ್ಲ. ಈ ದಡದಲ್ಲಿ ಬೇರೆಯವರ ಮಕ್ಕಳು ಹುಟ್ಟಿದ ಚಾದರಗಳನ್ನು ಒಗೆಯುತ್ತಿದ್ದೆ. ಮಗುವಿನ ಶ್ವಾಸ ಗಟ್ಟಿಯಾಗುವವರೆಗೆ ಬಸ್ಸಿನ ಧೂಳು, ಬೆಟ್ಟದ ಚಳಿ ಬೇಡವೇ ಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅವಳು ಬರುವಂತಿಲ್ಲ, ನಾನು ಹೋಗುವಂತಿಲ್ಲ.

ಆಗ ಶುರುವಾಯಿತು ನನ್ನ ಹಿತ್ತಿಲ ಬಾಗಿಲ ವ್ರತ. ಬೆಳಿಗ್ಗೆ ಎದ್ದು ಮೊದಲು ಆಚೆ ದಡ ನೋಡುವುದು. ಮಗಳ ಅಂಗಳದ ದಾರದ ಮೇಲೆ ಪುಟ್ಟ ಪುಟ್ಟ ಬಟ್ಟೆ. ಬಟ್ಟೆ ಓದುವುದು ನನಗೆ ಗೊತ್ತಲ್ಲ? ಹೆಚ್ಚು ಲಂಗೋಟಿ ಇದ್ದರೆ ಮಗುವಿನ ಹೊಟ್ಟೆ ಸರಿಯಿಲ್ಲ ಎಂದು ಚಿಂತೆ. ಒಂದು ದಿನ ದಾರ ಖಾಲಿ ಇತ್ತು. ಆಸ್ಪತ್ರೆಗೆ ಹೋಗಿದ್ದಾರೋ ಏನೋ ಎಂದು ಒದ್ದೆ ಕೈಯಲ್ಲೇ ಫೋನಿಗೆ ಓಡಿದೆ. ಫೋನು ಮಾಡಿದರೆ, "ಇವತ್ತು ಸೋಪು ಮುಗಿದಿತ್ತಮ್ಮಾ," ಅಂದಳು. ಫೋನಿನಲ್ಲಿ ಮಗುವಿನ ಮುಖ ತೋರಿಸುತ್ತಿದ್ದಳು, ನಿಜ. ಆದರೆ ಮಗುವನ್ನು ಮೂಸಿ ನೋಡಬೇಕು, ಎತ್ತಿಕೊಂಡರೆ ತೋಳಿಗೆ ಭಾರ ಗೊತ್ತಾಗಬೇಕು. ಗಾಜಿನ ಮೇಲೆ ಮುತ್ತಿಟ್ಟರೆ ಗಾಜಿನ ರುಚಿ. ಅದು ಬೋರಲು ಬಿದ್ದಿದ್ದು, ನಕ್ಕಿದ್ದು, ಕೂತಿದ್ದು ಎಲ್ಲಾ ಹೊಳೆಯ ಆಚೆಗೇ ಆಯಿತು. 

ಹೊಸ ತುಂಡು ಬರುವ ಎರಡು ತಿಂಗಳ ಮೊದಲು ಸಮಿತಿ ಸೇರಿತು. ಈ ಸಲ ಸಿಸ್ಟರು ಎದ್ದು ನಿಂತೇ ಮಾತಾಡಿದರು.

"ತಲೆನೋವಿಗೆ ಅಂಗಡಿಯವನು ಮಾತ್ರೆ ಕೊಟ್ರೆ ನುಂಗ್ತೀವಿ. ಹೊಟ್ಟೆ ಕುಯ್ಯೋಕೆ ಅವನ ಕೈಗೆ ಕತ್ತಿ ಕೊಡ್ತೀವಾ? ನನಗೂ ನೋಂದಣಿ ನಂಬರ್ ಇದೆ. ಅದಿಲ್ದೆ ನಿಮ್ಮ ಮಗುವಿಗೆ ಒಂದು ಸೂಜಿ ಚುಚ್ಚೋಕೂ ನನಗೆ ಹಕ್ಕಿಲ್ಲ. ಹವಾಮಾನದಲ್ಲೂ ಹಾಗೇ. ಪ್ರಮಾಣಪತ್ರ ಪಡೆದ ಸಲಹೆಗಾರರು ಇರ್ತಾರೆ. ಕ್ರೇನು, ಎತ್ತರದ ಕಟ್ಟಡ, ಹಡಗು, ಇಂಥ ಕೆಲಸಕ್ಕೆ ಅವರನ್ನೇ ಕೇಳ್ಬೇಕು."

"ಅವರು ಮಾತ್ರ ತಪ್ಪೋದೇ ಇಲ್ವಾ?" ಎಂದು ನಾನು ಕೇಳಿಯೇ ಬಿಟ್ಟೆ. ಸುಟ್ಟುಕೊಂಡವಳಿಗೆ ಅನುಮಾನ ಇನ್ನೂ ಹೆಚ್ಚಾಗಿತ್ತು. ಯಾರ ಮಾತೂ ಬೇಡ ಅನ್ನಿಸುತ್ತಿತ್ತು.

"ಬಂದ್ಮೇಲೆ ಅವರನ್ನೇ ಕೇಳಿ," ಅಂದರು ಸಿಸ್ಟರು.

ಎಂಜಿನಿಯರು ಈ ಸಲ ಹವಾಮಾನ ಸಲಹೆಗಾರರ ವೃತ್ತಿ ಸಂಘದ ಪಟ್ಟಿ ತೆಗೆದು, ನಂಬರು ತಾಳೆ ನೋಡಿ, ಒಬ್ಬ ಸಲಹೆಗಾರ್ತಿಯನ್ನು ಕರೆಸಿದರು. ನಲವತ್ತು ದಾಟಿದ ಹೆಂಗಸು, ಬೆನ್ನಿಗೆ ಚೀಲ, ಕಾಲಿಗೆ ಕೆಸರಿನ ಬೂಟು. ಬಂದವರು ಕೋಣೆಯಲ್ಲಿ ಕೂರಲಿಲ್ಲ. ದಡದುದ್ದಕ್ಕೂ ನಡೆದರು. ಕ್ರೇನಿನ ತುದಿಯಷ್ಟು ಎತ್ತರದ ಕಂಬಕ್ಕೆ ಗಾಳಿ ಅಳೆಯುವ ಯಂತ್ರ ಕಟ್ಟಿಸಿದರು. ಆಮೇಲೆ ಹುಡುಕಿಕೊಂಡು ನನ್ನ ಹಿತ್ತಿಲಿಗೇ ಬಂದರು.

"ಅಮ್ಮಾ, ದಿನಾ ಗಾಳಿ ಜೊತೆ ಗುದ್ದಾಡೋರು ನೀವು ಅಂತ ಕೇಳ್ದೆ. ಚಾದರ ಎಷ್ಟು ಹೊತ್ತಿಗೆ ಹಾಕ್ತೀರಾ?"

"ಆರಕ್ಕೆ."

"ತೆಗೆಯೋದು?"

"ಹನ್ನೊಂದಕ್ಕೆ. ಹನ್ನೆರಡರೊಳಗೆ ವಾರ್ಡಿಗೆ ಮುಟ್ಟಿಸ್ಬೇಕಲ್ಲ."

"ಹನ್ನೊಂದರ ಮೇಲೆ ಯಾವತ್ತಾದ್ರೂ ಬಿಟ್ಟಿದ್ರಾ?"

"ಅಯ್ಯೋ, ಆಗ ಸಮುದ್ರದ ಗಾಳಿ ತಿರುಗುತ್ತೆ ಮೇಡಂ, ಚಾದರ ಎಲ್ಲ ಕ್ಲಿಪ್ಪು ಕಿತ್ಕೊಂಡು..." ಎಂದವಳು ಅಲ್ಲೇ ನಿಂತುಬಿಟ್ಟೆ.

  ಮೋಡಣ್ಣನನ್ನು ಎರಡು ವರ್ಷ ಪರೀಕ್ಷೆ ಮಾಡಿದ್ದೇನೆ ಅಂದುಕೊಂಡಿದ್ದೆ. ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಮಾತ್ರ ಪರೀಕ್ಷೆ ಮಾಡಿದ್ದೆ. ಆ ಹೊತ್ತಿನಲ್ಲಿ ಇಲ್ಲಿ ಹೆಚ್ಚಿನ ದಿನ ಗಾಳಿಯೇ ಇರುವುದಿಲ್ಲ, ಯಾರು ಹೇಳಿದರೂ ಸರಿಹೋಗುತ್ತಿತ್ತು. ಮಧ್ಯಾಹ್ನದ ಗಾಳಿ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ, ನನಗೂ ಹೇಳಬೇಕೆಂದು ಹೊಳೆದಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ.

ಅವರು ಪಕ್ಕದಲ್ಲೇ ಕೂತರು. ಕಣ್ಣು ಒರೆಸಿಕೊಂಡು ಕೇಳಿದೆ, "ಅಲ್ಲಾ ಮೇಡಂ, ನಿಮ್ಮ ಸರ್ಟಿಫಿಕೇಟು ಗಾಳಿಗೆ ಗೊತ್ತಾ?"

ಅವರು ನಕ್ಕರು. "ಗಾಳಿಗೆ ಗೊತ್ತಿಲ್ಲಮ್ಮಾ, ನನಗೆ ಗೊತ್ತು. ಕಾಲೇಜಲ್ಲಿ ಇದನ್ನೇ ಓದಿ, ವರ್ಷಗಟ್ಲೆ ಕೆಲಸ ಮಾಡಿ, ಆಮೇಲೆ ಪರೀಕ್ಷೆ ಬರೆದೆ. ಹಿಂದೆ ಕೊಟ್ಟ ವರದಿಗಳನ್ನ ಹಿರಿಯರ ಮುಂದೆ ಇಟ್ಟೆ. ಇಲ್ಲಿ ಯಾಕೆ ಹೀಗೆ ಹೇಳಿದೆ, ಅಲ್ಲಿ ಯಾಕೆ ತಪ್ಪಿದೆ ಅಂತ ಎದುರಿಗೆ ಕೂರಿಸಿಕೊಂಡು ಜಾಲಾಡಿದ್ರು. ಮೊದಲನೇ ಸಲ ನಾಪಾಸಾದೆ, ಗೊತ್ತಾ?"

"ನೀವಾ?"

"ಹೂಂ. ಗೊತ್ತಿಲ್ಲ ಅನ್ನೋ ಕಡೆ ಗೊತ್ತಿದೆ ಅಂದಿದ್ದೆ, ಅದಕ್ಕೆ. ಈಗ ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ನಲೇಬೇಕು. ಎಷ್ಟು ಖಾತ್ರಿ ಅನ್ನೋದನ್ನ ಹೇಳ್ಬೇಕು, ಬರೆದು ಸಹಿ ಹಾಕ್ಬೇಕು, ಬರೆದಿದ್ದನ್ನ ಅಳಿಸೋ ಹಾಗಿಲ್ಲ. ಬೇಜವಾಬ್ದಾರಿ ಮಾಡಿದ್ರೆ ನೀವು ದೂರು ಕೊಡಬಹುದು, ನನ್ನ ಪ್ರಮಾಣಪತ್ರ ಕಿತ್ಕೋತಾರೆ. ಆಗಾಗ ಹೊಸದು ಕಲೀತಾ ಇದ್ರೇನೇ ಅದು ಮುಂದುವರಿಯೋದು."

ಮಾತು ಚೆನ್ನಾಗಿಯೇ ಇತ್ತು. ಆದರೆ ನಾನು ಪೂರ್ತಿ ಕರಗಿರಲಿಲ್ಲ.

ಹೊಸ ತುಂಡು ಬಂತು. ಎತ್ತುವ ದಿನ ನಿಗದಿಯಾಯಿತು. ಬೆಳಿಗ್ಗೆ ಐದಕ್ಕೆ ಎತ್ತಿ ಹತ್ತರೊಳಗೆ ಬೋಲ್ಟು ಬಿಗಿಯುವ ಲೆಕ್ಕ. ಆ ಬೆಳಿಗ್ಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆಚೆ ದಡದಲ್ಲಿ ಕೆಲಸಕ್ಕೆ ಹಾಕಿದ್ದ ದೊಡ್ಡ ದೀಪದ ಬೆಳಕಲ್ಲಿ ಮಗಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು, ಮಗುವಿನ ಕೈ ಹಿಡಿದು ನನ್ನ ಕಡೆ ಬೀಸಿಸುತ್ತಿದ್ದಳು. ಅಷ್ಟರಲ್ಲಿ ಸಲಹೆಗಾರ್ತಿ ಎಂಜಿನಿಯರ ಹತ್ತಿರ ಹೋಗಿ ಹೇಳಿದರು, "ಇವತ್ತು ಬೇಡ. ಬೆಟ್ಟದ ಕಡೆಯಿಂದ ಗಾಳಿ ಎಂಟರ ಹೊತ್ತಿಗೇ ಇಳಿಯೋ ಸಾಧ್ಯತೆ ಇದೆ. ಹತ್ತರಲ್ಲಿ ನಾಲ್ಕು."

"ಅಂದ್ರೆ ಹತ್ತರಲ್ಲಿ ಆರು ಬರಲ್ಲ ಅಂತ ತಾನೇ? ಎತ್ತಿ ಮತ್ತೆ!" ಎಂದು ಕೂಗಿದೆ.

"ಬರದೇ ಇರಬಹುದು. ಆದ್ರೆ ಎತ್ತಬೇಡಿ ಅಂತಾನೇ ನನ್ನ ಸಲಹೆ."

ಎಂಜಿನಿಯರು ನಿಲ್ಲಿಸಿದರು. ನಾನು ಹಿತ್ತಿಲಲ್ಲಿ ಕೂತು ಗಾಳಿಗೆ ಕಾದೆ. ಎಂಟಾಯಿತು, ಹತ್ತಾಯಿತು. ಬೆಟ್ಟದ ಗಾಳಿ ಬರಲೇ ಇಲ್ಲ. ಹನ್ನೊಂದರ ಮೇಲೆ ಸಮುದ್ರದ ಗಾಳಿ ದಿನದಂತೆ ತಿರುಗಿತು, ಅಷ್ಟೇ.

ನನಗೆ ಪಿತ್ತ ನೆತ್ತಿಗೇರಿತು. ಹೋಗಿ ಅವರ ಮುಂದೆ ನಿಂತೆ. "ಏನ್ರೀ ಇದು! ಎತ್ತಿದ್ರೆ ಇಷ್ಟೊತ್ತಿಗೆ ಕೂತಿರ್ತಿತ್ತು! ಮೋಡಣ್ಣ ಗಾಳಿ ಇಲ್ಲ ಅಂದು ಕೆಡಿಸಿದ, ನೀವು ಇದೆ ಅಂದು ಕೆಡಿಸಿದ್ರಿ. ಎಂಟು ತಿಂಗಳಾಯ್ತು, ನನ್ನ ಮೊಮ್ಮಗಳನ್ನ ನಾನು ಮುಟ್ಟಿಲ್ಲ ಕಣ್ರೀ, ಮುಟ್ಟಿಲ್ಲ!"

ಅವರು ಕೈಯಲ್ಲಿದ್ದ ಹಾಳೆಯನ್ನು ಸಮಿತಿಯ ಫಲಕಕ್ಕೆ ಅಂಟಿಸಿದರು. ಅದರಲ್ಲಿ ಅವರದೇ ಅಕ್ಷರದಲ್ಲಿ ಬರೆದಿತ್ತು: ಇಂದು ಎತ್ತಬೇಡಿ ಎಂದು ಸಲಹೆ ಕೊಟ್ಟೆ. ಜೋರು ಗಾಳಿಯ ಸಾಧ್ಯತೆ ಹತ್ತರಲ್ಲಿ ನಾಲ್ಕು ಎಂದಿದ್ದೆ. ಆ ಗಾಳಿ ಬರಲಿಲ್ಲ. ಯಂತ್ರ ಅಳೆದ ವೇಗದ ಪಟ್ಟಿ ಕೆಳಗಿದೆ. ಅದರ ಕೆಳಗೆ ಸಹಿ, ಪ್ರಮಾಣಪತ್ರದ ನಂಬರು, ದೂರು ಕೊಡಬೇಕಾದ ವಿಳಾಸ.

"ನಿಮ್ಮ ಮೇಲೆ ನೀವೇ ಬರ್ಕೊಂಡ್ರಾ?" ಅಂದೆ.

"ಆಗಿದ್ದು ಅದೇ ಅಲ್ವಾಮ್ಮಾ? ಅಮ್ಮಾ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಆ ಕಬ್ಬಿಣದ ಕೆಳಗೆ ಏಳು ಜನ ಹಗ್ಗ ಹಿಡಿದು ನಿಲ್ತಾರೆ. ಅವರಿಗೂ ಮನೇಲಿ ಕಾಯೋರಿದ್ದಾರೆ. ಹತ್ತರಲ್ಲಿ ನಾಲ್ಕು ಅಂದ್ರೆ ನನಗೆ ಬಹಳ ಆಯ್ತು. ಇನ್ನೊಂದು ಸಲ ಇಂಥದ್ದೇ ಬೆಳಿಗ್ಗೆ ಬಂದ್ರೂ ಬೇಡ ಅಂತಾನೇ ಹೇಳ್ತೀನಿ."

ನಾನು ಮತ್ತೆ ಆ ಹಾಳೆಯನ್ನು ನೋಡಿದೆ. ಒಬ್ಬ ತನ್ನ ತಪ್ಪನ್ನು ಅಳಿಸಿಬಿಟ್ಟ. ಇನ್ನೊಬ್ಬರು ತಪ್ಪೂ ಅಲ್ಲದ್ದನ್ನು ಊರಿಗೆಲ್ಲ ಕಾಣುವಂತೆ ಬರೆದು ಅಂಟಿಸಿದರು. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು, "ಇವರನ್ನ... ಬಿಡಬೇಡ," ಅಂದರು. ಆವತ್ತು ನಮ್ಮ ಮನೆಯ ಅನುಮಾನ ಮುಗಿಯಿತು.

ಐದನೇ ದಿನ ಅವರು ಬರೆದುಕೊಟ್ಟರು: ಬೆಳಿಗ್ಗೆ ಐದರಿಂದ ಹತ್ತೂವರೆ, ಜೋರು ಗಾಳಿಯ ಸಾಧ್ಯತೆ ನೂರರಲ್ಲಿ ಎರಡು. ತುಂಡು ಮೇಲಿದ್ದಷ್ಟು ಹೊತ್ತೂ ಅವರು ಯಂತ್ರದ ಮುಂದಿನಿಂದ ಏಳಲಿಲ್ಲ. ಒಂಬತ್ತು ಮುಕ್ಕಾಲಿಗೆ ಕೊನೆಯ ಬೋಲ್ಟು ಬಿಗಿದರು. ಹಗ್ಗದವರು ಕೂಗಿದ್ದು ಎರಡೂ ದಡಕ್ಕೆ ಕೇಳಿಸಿತು.

ಹಲಗೆ ಹಾಕಿ, ಕಂಬಿ ಕಟ್ಟಿ, ಮೂರು ವಾರದ ಮೇಲೆ ಸೇತುವೆಯನ್ನು ಜನರಿಗೆ ಬಿಟ್ಟರು. ಮೊದಲ ದಿನವೇ ನಾನು ದಾಟಿದೆ. ಒಂಬತ್ತು ತಿಂಗಳು ಕಣ್ಣಲ್ಲೇ ಅಳೆದ ದಾರಿ, ನಡೆದರೆ ಆರೇ ನಿಮಿಷ. ಮಗಳು ಆ ತುದಿಯಲ್ಲಿ ನಿಂತಿದ್ದಳು. ಅವಳನ್ನು ತಬ್ಬಿಕೊಂಡು ಅತ್ತೆ, ಆಮೇಲೆ ಕಣ್ಣೊರೆಸಿಕೊಂಡು ಮಗುವಿಗೆ ಎರಡೂ ಕೈ ಚಾಚಿದೆ. "ಬಾ ನನ್ನ ಚಿನ್ನಾ, ಬಾ ನನ್ನ ಬಂಗಾರಾ."

ಮಗು ನನ್ನ ಮುಖವನ್ನೇ ನೋಡಿತು. ತುಟಿ ತಿರುಚಿತು. ಕಿಟಾರನೆ ಕಿರುಚಿ ಅಮ್ಮನ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಂಡಿತು.

"ಬೇಜಾರ್ ಮಾಡ್ಕೋಬೇಡಮ್ಮಾ," ಅಂದಳು ಮಗಳು. "ಹೊಸಬರನ್ನ ಕಂಡ್ರೆ ಹೀಗೇ ಅಳ್ತಾಳೆ."

ಹೊಸಬರು. ನಾನು.

ಈಗ ಪರವಾಗಿಲ್ಲ, ದಿನಾ ಸಂಜೆ ಹೋಗುತ್ತೇನೆ, ಮಗು ಒಂದೆರಡು ನಿಮಿಷ ನನ್ನ ಮಡಿಲಲ್ಲಿ ಕೂರುತ್ತದೆ. ಆದರೆ ಕಳೆದ ತಿಂಗಳುಗಳನ್ನು ಯಾರೂ ಹಿಂದಕ್ಕೆ ತಂದುಕೊಡುವುದಿಲ್ಲ. ಅದಕ್ಕೇ ಕೈಮುಗಿದು ನಿಮಗೆ ಹೇಳುತ್ತಿದ್ದೇನೆ. ಬಟ್ಟೆ ಒಣಗಿಸುವುದಕ್ಕೆ ಫೋನು ನೋಡಿ, ಯಾರು ಬೇಡ ಎನ್ನುತ್ತಾರೆ. ಆದರೆ ನಿಮ್ಮ ಬೀದಿಯಲ್ಲಿ ಕ್ರೇನು ಏಳುವಾಗ, ದೊಡ್ಡ ಚಪ್ಪರದ ಕೆಳಗೆ ಸಾವಿರ ಜನ ಸೇರುವಾಗ, ಎತ್ತರದ ಗೋಡೆಯ ಮೇಲೆ ನಿಮ್ಮ ಮನೆಯವರು ಹತ್ತುವಾಗ, ಹವಾಮಾನ ನೋಡಿದವರು ಯಾರು ಎಂದು ಕೇಳಿ. ಅವರಿಗೆ ಪ್ರಮಾಣಪತ್ರ ಇದೆಯೇ, ನಂಬರು ಏನು, ಸಂಘದ ಪಟ್ಟಿಯಲ್ಲಿ ಆ ಹೆಸರು ಇದೆಯೇ ಎಂದು ನೋಡಿ. ಜಾಗಕ್ಕೆ ಬಂದು ನೋಡಿದ್ದಾರೆಯೇ ಎಂದು ವಿಚಾರಿಸಿ. ಹೇಳಿದ್ದನ್ನು ಬರೆದು ಸಹಿ ಹಾಕಿಸಿಕೊಳ್ಳಿ, ಎಷ್ಟು ಖಾತ್ರಿ ಎಂದೂ ಬರೆಸಿ. ಅವರು ಬೇಡ ಎಂದ ದಿನ, ಎಷ್ಟೇ ಆಸೆಯಿದ್ದರೂ, ಕಾಯಿರಿ. ಇದನ್ನೆಲ್ಲ ಕೇಳಿದರೆ ಯಾರಾದರೂ ನಗಬಹುದು; ನಗಲಿ ಬಿಡಿ, ನಾನೂ ನಗಿಸಿದವಳೇ. ಆವತ್ತು ಸಮಿತಿಯಲ್ಲಿ ನಾನು ಕೇಳಲಿಲ್ಲ. ನೀವು ಕೇಳಿ.